ಶಾಬಾನ್ ಬಂತು, ಮೊದಲು ಬಾಕಿ ಉಪವಾಸ ಮುಗಿಸಿ

ರಮಝಾನ್ ಹತ್ತಿರ ಬಂತೆಂದರೆ ಮನೆ ತೊಳೆಯುವುದು, ದಿನಸಿ ತುಂಬಿಸುವುದು ಎಲ್ಲ ನಡೆಯುತ್ತದೆ. ಉಪವಾಸಕ್ಕೆ ದೇಹ ಸಜ್ಜಾಗಿದೆಯೇ ಎಂದು ಮಾತ್ರ ಯಾರೂ ಕೇಳಿಕೊಳ್ಳುವುದಿಲ್ಲ. ಪ್ರವಾದಿಯವರ(ಸ) ಕ್ರಮ ಹೀಗಿರಲಿಲ್ಲ. ರಮಝಾನ್ ಬಿಟ್ಟರೆ ಅವರು ಅತಿ ಹೆಚ್ಚು ಉಪವಾಸ ಹಿಡಿದದ್ದು ಅದರ ಹಿಂದಿನ ತಿಂಗಳಾದ ಶಾಬಾನಿನಲ್ಲಿ ಎಂದು ಅವರ ಪತ್ನಿ ಆಯಿಶಾ(ರ) ಹೇಳಿದ್ದು ಬುಖಾರಿ, ಮುಸ್ಲಿಮ್ ಎಂಬ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಸಂಗ್ರಹಗಳೆರಡರಲ್ಲೂ ಇದೆ. ಅನುಚರ ಉಸಾಮಾ ಬಿನ್ ಝೈದ್(ರ) ಕಾರಣ ಕೇಳಿದಾಗ ಪ್ರವಾದಿಯವರು, ಇದು ರಜಬ್ ಮತ್ತು ರಮಝಾನಿನ ನಡುವೆ ಜನ ಅಲಕ್ಷಿಸುವ ತಿಂಗಳು, ಕರ್ಮಗಳು ಅಲ್ಲಾಹನೆಡೆಗೆ ಏರುವ ತಿಂಗಳು, ಆಗ ನಾನು ಉಪವಾಸದಲ್ಲಿರಲು ಬಯಸುತ್ತೇನೆ ಎಂದರು. ಇದು ನಸಾಈ ಹದೀಸ್ ಸಂಗ್ರಹದಲ್ಲಿದೆ.

ಆದರೆ ಸುನ್ನತ್ (ಕಡ್ಡಾಯವಲ್ಲದ) ಉಪವಾಸದ ಉತ್ಸಾಹಕ್ಕೆ ಮುಂಚೆ ಕಳೆದ ರಮಝಾನಿನ ಬಾಕಿ ಲೆಕ್ಕ ಹಾಕಿ. ಖಝಾ, ಅಂದರೆ ಬಾಕಿ ಉಪವಾಸ ತೀರಿಸುವುದು, ಸಾಲ; ಸುನ್ನತ್ ಪುಣ್ಯದ ಹೆಚ್ಚುವರಿ. ತಮ್ಮ ಖಝಾ ತೀರಿಸಲು ಶಾಬಾನ್ ಬಿಟ್ಟರೆ ಬಿಡುವು ಸಿಗುತ್ತಿರಲಿಲ್ಲ ಎಂದು ಆಯಿಶಾ(ರ) ಅವರೇ ಹೇಳಿದ್ದಾರೆ. ಹೆಣ್ಣುಮಕ್ಕಳಿಗೆ ಮುಟ್ಟಿನ ಕಾರಣ ಪ್ರತಿವರ್ಷ ಆರೇಳು ದಿನ ಬಾಕಿ ಉಳಿಯುವುದು ಸಹಜ. ಮನೆಯವರೆಲ್ಲ ಉಣ್ಣುವಾಗ ಒಬ್ಬಳೇ ಉಪವಾಸವಿದ್ದು, ಎಲ್ಲರಿಗೂ ಬಡಿಸಿ, ಸಹರಿಗೂ (ಉಪವಾಸಕ್ಕೆ ಮುಂಚಿನ ನಸುಕಿನ ಊಟ) ಒಬ್ಬಳೇ ಏಳುವುದು ರಮಝಾನಿನ ಉಪವಾಸಕ್ಕಿಂತ ಕಷ್ಟ. ಗಂಡಸರು ಆ ದಿನಗಳಲ್ಲಿ ಅವಳ ಜೊತೆ ಸುನ್ನತ್ ಹಿಡಿದರೆ ಇಬ್ಬರಿಗೂ ಲಾಭ. ಸರಿಯಾದ ಕಾರಣವಿಲ್ಲದೆ ಮುಂದಿನ ರಮಝಾನ್ ದಾಟಿಸಿದರೆ, ಧರ್ಮಶಾಸ್ತ್ರ ಪಂಥಗಳಲ್ಲಿ ಒಂದಾದ ಶಾಫಿಈ ಮದ್‌ಹಬ್‌ನಲ್ಲಿ ಖಝಾ ಜೊತೆಗೆ ದಿನಕ್ಕೊಂದು ಮುದ್ದ್ (ಒಂದು ಬೊಗಸೆಯ ಅಳತೆ) ಆಹಾರಧಾನ್ಯ ಫಿದ್ಯಾ, ಅಂದರೆ ಪರಿಹಾರ, ಕೊಡಬೇಕು. ಹನಫಿಯಲ್ಲಿ ಖಝಾ ಮಾತ್ರ.

ಇಲ್ಲಿ ನಿಯ್ಯತ್ (ಉಪವಾಸದ ಸಂಕಲ್ಪ) ತಪ್ಪುವುದು ಬಹಳ. ಸುನ್ನತ್ ಉಪವಾಸಕ್ಕೆ ಬೆಳಗಿನಿಂದ ಏನೂ ತಿಂದು ಕುಡಿಯದಿದ್ದರೆ ಮಧ್ಯಾಹ್ನಕ್ಕೆ ಮುಂಚೆಯೂ ನಿಯ್ಯತ್ ಮಾಡಬಹುದು. ಖಝಾಗೆ ಅದು ನಡೆಯದು, ನಸುಕು ಹರಿಯುವ ಹೊತ್ತಾದ ಫಜ್ರ್‌ಗೆ ಮೊದಲೇ, ರಾತ್ರಿಯೇ ಆಗಬೇಕು. ಹತ್ತು ಗಂಟೆಗೆ ನೆನಪಾಗಿ 'ಇದು ಖಝಾ ಆಗಲಿ' ಎಂದುಕೊಂಡರೆ ಸಾಲ ತೀರುವುದಿಲ್ಲ.

ಬಾಕಿ ಇಲ್ಲದವರು ಸೋಮವಾರ, ಗುರುವಾರ ಮತ್ತು 13, 14, 15ನೇ ದಿನಗಳನ್ನು ಹಿಡಿದರೆ ಸಾಕು. ತಿಂಗಳಾರಂಭದಲ್ಲೇ ಸತತ ಹತ್ತು ದಿನ ಹಿಡಿದು ಸುಸ್ತಾಗಿ ಕೈಬಿಡುವುದಕ್ಕಿಂತ, ನಡುವೆ ದಿನ ಬಿಟ್ಟು ಹಿಡಿಯುವುದೇ ಒಳ್ಳೆಯದು. ಶಾಬಾನ್ ಅರ್ಧ ಕಳೆದ ಮೇಲೆ ಹೊಸದಾಗಿ ಶುರು ಮಾಡುವ ಬಗ್ಗೆ ಭಿನ್ನಾಭಿಪ್ರಾಯವಿದೆ. ತಡೆಯುವ ಹದೀಸನ್ನು ಇಮಾಮ್ ಅಹ್ಮದ್ ಒಪ್ಪಲಿಲ್ಲ, ಶಾಫಿಈಗಳು ಒಪ್ಪುತ್ತಾರೆ. ಆದ್ದರಿಂದ ಮೊದಲ ಹದಿನೈದು ದಿನಗಳಲ್ಲೇ ಅಭ್ಯಾಸ ಶುರು ಮಾಡಿಕೊಳ್ಳಿ. ರಮಝಾನಿಗೆ ಒಂದೆರಡು ದಿನ ಮುಂಚೆ ಉಪವಾಸ ಬೇಡ ಎಂಬ ಹದೀಸ್ ಮಾತ್ರ ಸ್ಪಷ್ಟ. ಸೋಮವಾರ, ಗುರುವಾರದ ರೂಢಿಯಿರುವವರಿಗೆ ಅದರಲ್ಲೇ ವಿನಾಯಿತಿ ಇದೆ.

ಇನ್ನು ಚಹಾ, ಕಾಫಿ. ಮೊದಲ ಉಪವಾಸದ ಮಧ್ಯಾಹ್ನ ತಲೆ ಸಿಡಿಯುವುದನ್ನು ಎಲ್ಲರೂ ಹಸಿವೆಂದುಕೊಳ್ಳುತ್ತಾರೆ. ಬಹಳ ಸಲ ಅದು ಕೆಫೀನ್ ಇಲ್ಲದ ನೋವು. ಕೊನೆಯ ಲೋಟದ 12ರಿಂದ 24 ಗಂಟೆಗೆ ಶುರುವಾಗಿ, ಒಂದೆರಡು ದಿನದಲ್ಲಿ ಜೋರಾಗಿ, ಕೆಲವರಿಗೆ ವಾರ ದಾಟುತ್ತದೆ. ದಿನಕ್ಕೆ ನಾಲ್ಕು ಲೋಟ ಕುಡಿಯುವವರು ಎರಡು ವಾರ ಮೊದಲೇ ಸಂಜೆಯದ್ದು ಬಿಡಿ. ನಾಲ್ಕು ದಿನದ ಬಳಿಕ ಮಧ್ಯಾಹ್ನದ್ದು, ಮತ್ತೆ ನಾಲ್ಕು ದಿನಕ್ಕೆ ಹನ್ನೊಂದು ಗಂಟೆಯದ್ದು. ಉಳಿದ ಒಂದನ್ನು ಆಮೇಲೆ ಇಫ್ತಾರ್ ನಂತರಕ್ಕೆ ಸರಿಸಬಹುದು.

ಸಹರಿಯ ಕೊನೆಯ ಹತ್ತು ನಿಮಿಷದಲ್ಲಿ ಒಂದು ಲೀಟರ್ ನೀರು ಕುಡಿದರೆ ಹೆಚ್ಚಿನದು ಬೆಳಗಿನೊಳಗೇ ಮೂತ್ರವಾಗಿ ಹೋಗುತ್ತದೆ. ಇಫ್ತಾರಿಗೆ ಎರಡು ಲೋಟ, ಮಲಗುವವರೆಗೆ ನಾಲ್ಕು, ಸಹರಿಗೆ ಎರಡು ಎಂದು ಹಂಚಿ. ಉಪ್ಪು ಜಾಸ್ತಿಯಾದ, ಕರಿದ ತಿನಿಸು ಸಹರಿಗೆ ಬೇಡ, ಬಾಯಾರಿಕೆ ಬೇಗ ಹತ್ತುತ್ತದೆ. ಬೇಳೆಕಾಳು, ಮೊಟ್ಟೆ, ಪಾಲಿಶ್ ಮಾಡದ ಧಾನ್ಯ ನಿಧಾನಕ್ಕೆ ಕರಗುತ್ತವೆ. ರಾತ್ರಿ ಹನ್ನೆರಡಕ್ಕೆ ಉಂಡು ಸಹರಿ ಬಿಡುವ ಚಟವನ್ನು ಶಾಬಾನಿನಲ್ಲೇ ಬಿಡಿಸಿಕೊಳ್ಳಬೇಕು. ಪ್ರವಾದಿಯವರ(ಸ) ಸಹರಿಗೂ ಫಜ್ರ್ ನಮಾಝಿಗೂ ನಡುವೆ ಕುರಾನಿನ ಐವತ್ತು ಆಯತ್ (ವಚನ) ಓದುವಷ್ಟು ಹೊತ್ತಿರುತ್ತಿತ್ತು ಎಂದು ಅನುಚರ ಝೈದ್ ಬಿನ್ ಸಾಬಿತ್(ರ) ಹೇಳಿದ್ದಾರೆ.

ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕಾಣಬೇಕಾದದ್ದು ಆರೆಂಟು ವಾರ ಮೊದಲು, ಅಂದರೆ ರಜಬ್‌ನಲ್ಲೇ. ಇನ್ಸುಲಿನ್, ಗ್ಲಿಮೆಪಿರೈಡ್‌ನಂಥ ಮಾತ್ರೆಗಳಲ್ಲಿ ಸಕ್ಕರೆ ಕುಸಿಯುವ ಭಯ ಹೆಚ್ಚು, ಅವುಗಳ ಪ್ರಮಾಣ ಮತ್ತು ಹೊತ್ತನ್ನು ವೈದ್ಯರೇ ಬದಲಿಸಬೇಕು. ಅವರು ಒಪ್ಪಿದರೆ ಶಾಬಾನಿನಲ್ಲಿ ಒಂದೆರಡು ಉಪವಾಸ ಹಿಡಿದು, ಗ್ಲುಕೋಮೀಟರಿನಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಇಫ್ತಾರಿಗೆ ಮುಂಚೆ ನೋಡಿ ಬರೆದಿಡಿ. ಬೆರಳು ಚುಚ್ಚಿದರೆ ಉಪವಾಸ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ (mg/dL) ಕೆಳಗಿಳಿದರೆ, 300 ದಾಟಿದರೆ, ಅಥವಾ ಬೆವರಿ ಕೈ ನಡುಗಿದರೆ ಸೂರ್ಯಾಸ್ತದ ಮಗ್ರಿಬ್‌ಗೆ ಹತ್ತೇ ನಿಮಿಷ ಉಳಿದಿದ್ದರೂ ಉಪವಾಸ ಬಿಡಿ. ಸುನ್ನತ್ ಉಪವಾಸ ಹೀಗೆ ಬಿಟ್ಟರೆ ಶಾಫಿಈಯಲ್ಲಿ ಖಝಾ ಇಲ್ಲ, ಹನಫಿಯಲ್ಲಿ ಆ ಒಂದು ದಿನವನ್ನು ಆಮೇಲೆ ತೀರಿಸಬೇಕು.