ದೋನ್ ಗೋಳ್ಯಾ ದ್ಯಾ

ಈಗಷ್ಟೇ ಮೆಡಿಕಲ್‌ನಿಂದ ಬಂದೆ. ಬಿಪಿ ಮಾತ್ರೆ ತರೋಕೆ ಹೋದವನು ಬಿಪಿ ಏರಿಸಿಕೊಂಡು ಬಂದಿದ್ದೇನೆ.

ನನ್ನ ಮುಂದಿದ್ದವನು ಮೊಬೈಲಿನಲ್ಲಿ ಹಳೇ ಸ್ಟ್ರಿಪ್ಪಿನ ಫೋಟೋ ತೋರಿಸಿದ. ಸೆಫಿಕ್ಸಿಮ್ 200, ಆಂಟಿಬಯೋಟಿಕ್. "ದೋನ್ ಗೋಳ್ಯಾ ದ್ಯಾ." ಎರಡು ಮಾತ್ರೆ ಕೊಡಿ ಅಂತ, ಮರಾಠಿಯಲ್ಲಿ. ಯಾಕೆ? ನೆಗಡಿಯಂತೆ! ಅಂಗಡಿಯವನು ಚೀಟಿ ಕೇಳಲಿಲ್ಲ. ಕತ್ತರಿ ತಗೊಂಡ, ಕಚಕ್ ಅಂತ ಎರಡು ಮಾತ್ರೆ ಕತ್ತರಿಸಿ ಕೊಟ್ಟ. ಮಲ್ಲಿಗೆ ಮೊಳ ಹಾಕಿ ಕೊಟ್ಟ ಹಾಗೆ.

ಆ ಕತ್ತರಿ ಕಂಡರೆ ನನಗೆ ಮೈಯೆಲ್ಲ ಉರಿ. ಸೆಫಿಕ್ಸಿಮ್ ಸರ್ಕಾರದ ಎಚ್1 ಪಟ್ಟಿಯ ಔಷಧಿ. ಚೀಟಿ ಇಲ್ಲದೆ ಕೊಡುವಂತಿಲ್ಲ. ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆ, ಎಲ್ಲ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. 2014ರ ಮಾರ್ಚ್‌ನಿಂದ ಇರುವ ನಿಯಮ. ರಿಜಿಸ್ಟರ್ ಎಲ್ಲಪ್ಪಾ ಅಂತ ಕೇಳಿದೆ. "ಅಂಕಲ್, ನಿಮ್ಮ ಬಿಪಿ ಮಾತ್ರೆ ತಗೊಳ್ಳಿ" ಅಂತ ನಕ್ಕ. (ಹೌದು, ನನ್ನ ಹತ್ತಿರವೂ ಚೀಟಿ ಇರಲಿಲ್ಲ. ಆದರೆ ನಾನು ನುಂಗಿದ ಬಿಪಿ ಮಾತ್ರೆಯಿಂದ ಪಕ್ಕದ ಮನೆಯವರ ಮಾತ್ರೆ ಕೆಡುವುದಿಲ್ಲ.)

ನೆಗಡಿ ತರುವುದು ವೈರಸ್. ಆಂಟಿಬಯೋಟಿಕ್ ಅದರ ಕೂದಲೂ ಕೊಂಕಿಸುವುದಿಲ್ಲ. ಹೊಟ್ಟೆಯಲ್ಲಿ ಸುಮ್ನೆ ಇದ್ದ ಬ್ಯಾಕ್ಟೀರಿಯಾಗಳಲ್ಲಿ ಸಾಯುವಂಥವು ಸಾಯುತ್ತವೆ, ಮದ್ದಿಗೆ ಬಗ್ಗದವು ಉಳಿದು ಸಂಸಾರ ಹೂಡುತ್ತವೆ. ನಾಳೆ ಮನೆಯಲ್ಲಿ ಯಾರಿಗೋ ಮೂತ್ರದ ಸೋಂಕಾದರೆ ಅದೇ ಮಾತ್ರೆ ನಾಟದೆ ಹೋಗಬಹುದು.

ಇದು ಪುಣೆ ಪಕ್ಕದ ಪಿಂಪ್ರಿ ಕಣ್ರೀ! ದೇಶದಲ್ಲೇ ಪೆನಿಸಿಲಿನ್ ತಯಾರಾಗಲಿ ಅಂತ 1954ರಲ್ಲಿ ಸರ್ಕಾರ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಕಂಪನಿ ಶುರು ಮಾಡಿದ ಊರು. ನಮ್ಮಪ್ಪ ದುಡಿದದ್ದು ಅಲ್ಲೇ. ಆ ಸಂಬಳದಲ್ಲಿ ಬೆಳೆದವನು ಈ ಕತ್ತರಿ ನೋಡಿ ಸುಮ್ಮನಿರಬೇಕಾ?

ಡಾಕ್ಟರ ಫೀಸಿಗೆ ಬಡವರು ಎಲ್ಲಿಗೆ ಹೋಗಬೇಕು ಅಂತೀರಿ. ದಿನಗೂಲಿಯವರ ವಿಷಯದಲ್ಲಿ ಒಪ್ಪಿದೆ. ಈ ಮಹಾಶಯ ಕಾರಿನ ಇಂಜಿನ್ ಕೂಡ ಆಫ್ ಮಾಡದೆ ಇಳಿದು ಬಂದಿದ್ದ. ಇನ್ನು ಡಾಕ್ಟರುಗಳೇನು ಕಮ್ಮಿಯಾ? ಬಾಯಲ್ಲಿ "ವೈರಲ್", ಚೀಟಿಯಲ್ಲಿ ಆಂಟಿಬಯೋಟಿಕ್. ಯಾವುದಕ್ಕೂ ಇರಲಿ ಅಂತ.

ಸರಿ, ಹೇಳಿಬಿಡ್ತೀನಿ. ಹೋದ ವರ್ಷ ಮಗಳಿಗೆ ಜ್ವರ ಬಂದಾಗ ಒಬ್ಬ ಡಾಕ್ಟರು ಬರೀ ಪ್ಯಾರಾಸಿಟಮಾಲ್ ಬರೆದು, ಮೂರು ದಿನ ನೋಡೋಣ ಅಂದರು. ಇಷ್ಟಕ್ಕೆ ಐನೂರು ರೂಪಾಯಾ ಅಂತ ಗೊಣಗಿಕೊಂಡು ಸಂಜೆಯೇ ಇನ್ನೊಬ್ಬರ ಹತ್ತಿರ ಹೋದೆ. ಅವರು ಧಾರಾಳವಾಗಿ ಬರೆದುಕೊಟ್ಟರು. ಎರಡನೇ ದಿನ ಜ್ವರ ಬಿಟ್ಟಿತು. ಮಾತ್ರೆ ನಾನೇ ನಿಲ್ಲಿಸಿದೆ.

ಮನೆಗೆ ಬಂದವನೇ ಡ್ರಾಯರ್ ಎಳೆದು ನೋಡಿದೆ. ಉಳಿದವು ಅಲ್ಲೇ ಇವೆ, ಇನ್ನೂ ನಾಲ್ಕೈದು ತುಂಡು ಸ್ಟ್ರಿಪ್ಪುಗಳ ಜೊತೆ. ಯಾವುದು ಏನು, ಯಾವಾಗ ಅವಧಿ ಮುಗಿಯುತ್ತದೆ, ಒಂದೂ ತಿಳಿಯುವಂತಿಲ್ಲ. ಹೆಸರಿದ್ದ ಕಡೆಯೇ ಕತ್ತರಿ ಆಡಿದೆ.