ಬಜೆಟ್ ಎಷ್ಟು, ಸರ್?

ಉಪನಯನದ ಫೋಟೊದಲ್ಲಿ ವಟುವಿನ ಹಿಂದೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇತ್ತು. ಅದರ ಬೆನ್ನಿಗೆ ಯಾರೋ ಒದ್ದೆ ಪಂಚೆಯನ್ನೂ ಹರವಿದ್ದರು. ಅದನ್ನು ಅಳಿಸಿಕೊಡಬೇಕೆಂದು ವಟುವಿನ ತಾಯಿ, ಅಂದರೆ ನನ್ನ ತಂಗಿ, ಕೇಳಿದ್ದಳು. ಕುರ್ಚಿಯ ಮೇಲೆ ಒಮ್ಮೆ ಮೌಸ್ ಎಳೆದೆ. ಪರದೆಯ ನಡುವೆ ನೀಲಿ ಉಂಗುರವೊಂದು ತಿರುಗಲಾರಂಭಿಸಿತು. ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದೆ, ತಿರುಗುತ್ತಿತ್ತು. ಕುಡಿದು ಲೋಟ ತೊಳೆದಿಟ್ಟು ಬಂದೆ, ಆಗಲೂ ತಿರುಗುತ್ತಿತ್ತು. ಕೊನೆಗೆ ತಂತ್ರಾಂಶವೇ ಬೇಸತ್ತು ಮುಚ್ಚಿಕೊಂಡಿತು. ಮತ್ತೆ ತೆರೆದು ನೋಡಿದರೆ ಕುರ್ಚಿ ಇದ್ದಲ್ಲೇ ಇತ್ತು, ಅದಕ್ಕೂ ಮೊದಲು ಅರ್ಧ ಗಂಟೆ ಕೂತು ಅಳಿಸಿದ್ದ ನೀರಿನ ಬಾಟಲಿಯೂ ಮರಳಿ ಬಂದು ಅದರ ಪಕ್ಕದಲ್ಲಿ ನಿಂತಿತ್ತು.

ನನ್ನದು ಒಂಬತ್ತು ವರ್ಷ ಹಳೆಯದಾದ, 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್. 24 ಮೆಗಾಪಿಕ್ಸೆಲ್ಲಿನ ಒಂದು ಚಿತ್ರವನ್ನು 16 ಬಿಟ್ಟಿನಲ್ಲಿ ಬಿಚ್ಚಿದರೆ ತಿದ್ದುಪಡಿಯ ಒಂದೊಂದು ಪದರಕ್ಕೂ 144 ಎಂಬಿ ಬೇಕಾಗುತ್ತದೆ. ಪದರದ ಮೇಲೆ ಪದರ ಹೊದಿಸುತ್ತ ಹೋದರೆ ಆ ಮುದಿ ಯಂತ್ರ ಏದುಸಿರು ಬಿಟ್ಟದ್ದರಲ್ಲಿ ಅದರ ತಪ್ಪೇನೂ ಇಲ್ಲ. ಹೊಸದನ್ನು ಕೊಳ್ಳುವುದೆಂದು ತೀರ್ಮಾನಿಸಿ, 50,000 ರೂಪಾಯಿಗೆ ಗೆರೆ ಎಳೆದುಕೊಂಡೆ. ಆಮೇಲೆ ಅಕ್ಕನ ಮಗನಿಗೆ ಫೋನ್ ಮಾಡಿದೆ. ಮಾಡಬಾರದಿತ್ತು.

“ಮಾವ, ಐವತ್ತಕ್ಕೆ 8 ಜಿಬಿ ಬರುತ್ತೆ, ಎಡಿಟಿಂಗ್‌ಗೆ ಸಾಲಲ್ಲ. ಇನ್ನೊಂದು ಐದು ಸಾವಿರ ಹಾಕಿದ್ರೆ 16 ಜಿಬಿ,” ಎಂದ. ಒಪ್ಪಿದೆ. 16 ಜಿಬಿಯ ಯಂತ್ರದಲ್ಲಿ ಎಸ್‌ಎಸ್‌ಡಿ, ಅಂದರೆ ಕಡತಗಳನ್ನು ಇಡುವ ಜಾಗ, ಚಿಕ್ಕದೆಂದು ಇನ್ನೊಂದು ಐದು ಸಾವಿರವಾಯಿತು. ಅದಕ್ಕೂ ತಲೆಯಾಡಿಸಿದ ಮೇಲೆ, ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುವ ಮಾದರಿ ಅದು, ಮುಂದೆ ಹೆಚ್ಚಿಸಿಕೊಳ್ಳಲು ಬರುವುದಿಲ್ಲ, ಆದ್ದರಿಂದ ಬೇರೆಯದನ್ನು ನೋಡೋಣವೆಂದು ಮತ್ತೊಂದು ಐದು ಸಾವಿರವಾಯಿತು. 2025ರ ಕೊನೆಯ ಹೊತ್ತಿಗೆ ಜಗತ್ತಿನ ಮೆಮೊರಿ ಚಿಪ್ಪುಗಳೆಲ್ಲ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳತ್ತ ಹರಿಯತೊಡಗಿ ರ‍್ಯಾಮಿನ ಬೆಲೆ ಏರಿದೆಯೆಂದೂ, ತಡಮಾಡಿದರೆ ಇನ್ನೂ ಏರುತ್ತದೆಂದೂ ಅವನು ಹೆದರಿಸಿದ. 2024ರಲ್ಲಿ 59,900 ರೂಪಾಯಿಗೆ ಬಂದ ಆಪಲ್ ಕಂಪನಿಯ ಪುಟ್ಟ ಕಂಪ್ಯೂಟರ್ ಎಂ4 ಮ್ಯಾಕ್ ಮಿನಿಯ ಮಾತೂ ಬಂತು. ಅದಕ್ಕೆ ಪರದೆ, ಕೀಲಿಮಣೆ, ಮೌಸ್ ಯಾವುದೂ ಇಲ್ಲ, ಒಳಗಿನ ಸಂಗ್ರಹ 256 ಜಿಬಿ ಮಾತ್ರ ಎಂಬುದನ್ನು ಅವನು ಆ ಮೇಲೆ, ಮೆಲ್ಲಗೆ ಹೇಳಿದ. ಅಷ್ಟು ಹೊತ್ತಿಗೆ ನನ್ನ ಗೆರೆ ಎಲ್ಲಿತ್ತೆಂದು ನನಗೇ ಮರೆತುಹೋಗಿತ್ತು.

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಯಲ್ಲಿ ಫೋಟೊ ಎಡಿಟಿಂಗಿಗೆ ಎಂದು ಹೇಳಿದ ಕೂಡಲೇ ಹುಡುಗ, “ಬಜೆಟ್ ಎಷ್ಟು, ಸರ್?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಗೇಮಿಂಗ್ ಲ್ಯಾಪ್‌ಟಾಪೊಂದನ್ನು ಬಿಚ್ಚಿ ಮುಂದಿಟ್ಟ. ಕೀಲಿಗಳ ಕೆಳಗಿನಿಂದ ಕೆಂಪು, ಹಸಿರು, ನೇರಳೆ ಬೆಳಕು ಅಲೆಯಲೆಯಾಗಿ ಹೊರಟಿತು. ಗಣೇಶನ ಪೆಂಡಾಲಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಡಬ್ಬಿಯ ಬದಿಯಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ, ಪರದೆಯ ಬಣ್ಣ 45% ಎನ್‌ಟಿಎಸ್‌ಸಿ ಎಂದಿತ್ತು. ಪರದೆ ಎಷ್ಟು ಬಣ್ಣ ತೋರಿಸಬಲ್ಲದೆಂಬುದರ ಅಳತೆ ಅದು. ಸಾಮಾನ್ಯ ಫೋಟೊಗೆ ಬೇಕಾದ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನಷ್ಟೇ ಆ ಪರದೆ ತೋರಿಸುತ್ತದೆ. ಮದುಮಗಳ ಕುಂಕುಮ ಬಣ್ಣದ ರೇಷ್ಮೆ ಸೀರೆ ಅದರಲ್ಲಿ ಹತ್ತು ಸಲ ಒಗೆದಂತೆ ಕಾಣುತ್ತದೆ. ಬಣ್ಣ ತಿದ್ದುವುದಕ್ಕಾಗಿ ಬಂದವನಿಗೆ ಬಣ್ಣವನ್ನು ಬೆರಳಿನ ಕೆಳಗೆ ಕೊಟ್ಟು ಕಣ್ಣಿನ ಮುಂದಿನಿಂದ ಕಿತ್ತುಕೊಳ್ಳುವ ಈ ವ್ಯಾಪಾರವನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಹುಡುಗನ ಮೇಲೆ ರೇಗಿದೆ. ಅವನೇನು ಮಾಡಿಯಾನು, ಕೀಲಿಯ ಬೆಳಕನ್ನು ಆರಿಸುವುದು ಹೇಗೆಂದು ತೋರಿಸಿಕೊಟ್ಟ.

ಪರದೆಯ ವಿಷಯದಲ್ಲಿ ನಾನು ಅತಿ ಮಾಡುತ್ತಿದ್ದೇನೆಂದು ಅಳಿಯನ ಆರೋಪ. ಫೋಟೊಶಾಪ್ ಹುಟ್ಟಿದ್ದೇ ಕಪ್ಪು-ಬಿಳುಪು ಪರದೆಯ ಮೇಲೆ ಎಂದು ಅವನು ವಾದಿಸಿದ, ಅದು ಸುಳ್ಳಲ್ಲ. 1987ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಥಾಮಸ್ ನೋಲ್ ಎಂಬವರು, ಕಪ್ಪು ಅಥವಾ ಬಿಳಿ ಚುಕ್ಕಿಗಳನ್ನು ಬಿಟ್ಟು ಬೇರೇನೂ ತೋರದ 9 ಇಂಚಿನ ಮ್ಯಾಕ್ ಪ್ಲಸ್ ಪರದೆಯಲ್ಲಿ ಬೂದು ಛಾಯೆಗಳನ್ನು ಕಾಣಿಸಲೆಂದು ಬರೆದ ಪ್ರೋಗ್ರಾಮೇ ಬೆಳೆದು 1990ರಲ್ಲಿ ಫೋಟೊಶಾಪ್ ಆಯಿತು. ಆದರೆ ನೋಲ್ ಅವರಿಗೆ ನನ್ನ ಅಜ್ಜಿಯ ಮಚ್ಚೆಯ ಸಮಸ್ಯೆ ಇರಲಿಲ್ಲ.

ಅದನ್ನು ಹೇಳಿಬಿಡುತ್ತೇನೆ. ತಿಪಟೂರಿನಲ್ಲಿ 1962ರಲ್ಲಿ ತಾತನ ಅರವತ್ತರ ಶಾಂತಿಯಾದಾಗ, ದಂಪತಿಗಳನ್ನು ಸ್ಟುಡಿಯೊದಲ್ಲಿ ಕೂರಿಸಿ ಒಂದು ಫೋಟೊ ತೆಗೆಸಲಾಯಿತು. ಆಗ ಎಡಿಟಿಂಗಿಗೆ ಟಚಿಂಗ್ ಎನ್ನುತ್ತಿದ್ದರು. ಸ್ಟುಡಿಯೊದವರ ಬಳಿ ಇದ್ದದ್ದು ಉಜ್ಜುಗಾಜು ಕೂರಿಸಿದ ಒಂದು ಇಳಿಜಾರು ಮೇಜು, ಅದರ ಹಿಂದೆ ಒಂದು ಬಲ್ಬು, ಒಂದು ಭೂತಗನ್ನಡಿ ಮತ್ತು ಉಪ್ಪು ಕಾಗದದ ಮೇಲೆ ತಿಕ್ಕಿ ಸೂಜಿಯಂತೆ ಮಾಡಿದ ಪೆನ್ಸಿಲುಗಳು. ಮುಖದ ಕಪ್ಪು ಕಲೆ ನೆಗೆಟಿವಿನಲ್ಲಿ ತಿಳಿಯಾಗಿ ಕಾಣುತ್ತದೆ. ಆ ತಿಳಿಯನ್ನು ಅಲ್ಪವಿರಾಮದಂಥ ಪುಟ್ಟ ಪುಟ್ಟ ಗೀರುಗಳಿಂದ ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯವಾಗುತ್ತದೆ. ಟಚಿಂಗಿಗೆ ಪ್ರತ್ಯೇಕ ದುಡ್ಡು ಪಡೆದಿದ್ದರಿಂದ ಆ ಪ್ರಾಮಾಣಿಕ ಮನುಷ್ಯ ಅಜ್ಜಿಯ ಸುಕ್ಕುಗಳನ್ನೆಲ್ಲ ತುಂಬಿ, ಕೈ ಹಾಕಿದ್ದಕ್ಕೆ ಎಡಗೆನ್ನೆಯ ಮಚ್ಚೆಯನ್ನೂ ತುಂಬಿಬಿಟ್ಟರು.

ಪ್ರಿಂಟು ನೋಡಿದ ತಾತ, “ಇವಳ್ಯಾರಯ್ಯ?” ಎಂದರಂತೆ.

“ಚೆನ್ನಾಗಿ ಕಾಣ್ಲಿ ಅಂತ ಮಚ್ಚೆ ತೆಗೆದೆ, ಸ್ವಾಮಿ.”

“ನಾನು ಕಟ್ಕೊಂಡಿದ್ದು ಮಚ್ಚೆ ಇರೋಳನ್ನ. ಇದ್ದ ಹಾಗೆ ಇಡು.”

ಸ್ಟುಡಿಯೊದವರು ಪ್ರಿಂಟಿನ ಮೇಲೆಯೇ ಕುಂಚದ ತುದಿಯಿಂದ ಕಪ್ಪು ಶಾಯಿಯ ಒಂದು ಚುಕ್ಕಿ ಇಟ್ಟುಕೊಟ್ಟರು, ಬಲಗೆನ್ನೆಗೆ. ಅವರನ್ನು ದೂರುವಂತಿಲ್ಲ. ಪೆನ್ಸಿಲ್ ಹಿಡಿಯುವುದು ನೆಗೆಟಿವಿನ ಎಮಲ್ಷನ್, ಅಂದರೆ ಚಿತ್ರ ಮೂಡುವ ಲೇಪ, ಇರುವ ಬದಿಗೆ. ಆ ಬದಿಯಿಂದ ಮುಖ ಕನ್ನಡಿಯೊಳಗಿನಂತೆ ತಿರುವುಮುರುವಾಗಿ ಕಾಣುತ್ತದೆ. ಎರಡು ದಿನ ಅಜ್ಜಿಯನ್ನು ಆ ಕಡೆಯಿಂದಲೇ ದಿಟ್ಟಿಸಿ ನೋಡಿದ್ದವರಿಗೆ ಮಚ್ಚೆ ಅಲ್ಲೇ ಇದ್ದದ್ದು. ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ ಮೇಲೆಯೇ ಮನೆಯವರಿಗೆ ಗೊತ್ತಾದದ್ದು, ಆದರೆ ಮತ್ತೆ ದುಡ್ಡು ಸುರಿಯಲು ತಾತ ಒಪ್ಪಲಿಲ್ಲ. ಅಜ್ಜಿ ಆ ಫೋಟೊದ ಕೆಳಗೇ ಕೂತು ಹತ್ತೊಂಬತ್ತು ವರ್ಷ ಹೂಬತ್ತಿ ಹೊಸೆದರು. ಅವರು ಹೋದ ಮೇಲೆ ಕ್ರಮೇಣ ಫೋಟೊವೇ ಗೆದ್ದಿತು. ಅತ್ತೆ ಬಲಗೆನ್ನೆಯೆಂದು ಆಣೆ ಮಾಡುತ್ತಿದ್ದರು, ಅಪ್ಪ ಎಡಗೆನ್ನೆಯೆಂದು ಊಟ ಬಿಟ್ಟು ಏಳುತ್ತಿದ್ದರು. ಅಜ್ಜಿಯ ತೊಡೆಯ ಮೇಲೆ ಬೆಳೆದ ನಾನೇ ಈಗ ಕಣ್ಣು ಮುಚ್ಚಿದರೆ ಮಚ್ಚೆ ಬಲಕ್ಕೇ ಕಾಣುತ್ತದೆ.

ಈಚೆಗೆ ಆ ಫೋಟೊವನ್ನು ಸ್ಕ್ಯಾನ್ ಮಾಡಿ, ಬೂಷ್ಟಿನ ಕಲೆಗಳನ್ನು ತೆಗೆಯಲು ತಂತ್ರಾಂಶಕ್ಕೆ ಒಪ್ಪಿಸಿದ್ದೆ. ಅದು ಒಂದೇ ಉಸಿರಿಗೆ ಕಲೆಯೊಂದಿಗೆ ಮಚ್ಚೆಯನ್ನೂ ಒರೆಸಿಹಾಕಿತು. ಮರಳಿ ತಂದು ನೋಡಿದರೆ, ನನ್ನ ಮಾಸಿದ ಪರದೆಯಲ್ಲಿ ಯಾವುದು ಬೂಷ್ಟು, ಯಾವುದು ಅಜ್ಜಿ ಎಂದು ನನಗೂ ತಿಳಿಯಲಿಲ್ಲ.

ಹಾಗಾಗಿ ಎರಡನೆಯ ಸಲ ಎಸ್.ಪಿ. ರಸ್ತೆಗೆ ಹೋದಾಗ ಲ್ಯಾಪ್‌ಟಾಪಿನ ಆಸೆ ಬಿಟ್ಟಿದ್ದೆ. ಯಾವುದೋ ಕಚೇರಿಯಿಂದ ಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗೆ 16 ಜಿಬಿ ತುಂಬಿಸಿ, ಉಳಿದ ಹಣವನ್ನೆಲ್ಲ 100% ಎಸ್‌ಆರ್‌ಜಿಬಿಯ 24 ಇಂಚಿನ ಐಪಿಎಸ್ ಮಾನಿಟರಿಗೆ ಹಾಕುವುದೆಂಬ ಲೆಕ್ಕ. ಪರೀಕ್ಷೆಗೆಂದು ಪೆನ್‌ಡ್ರೈವಿನಲ್ಲಿ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ಹುಡುಗ ಮಾನಿಟರನ್ನು ಹೊತ್ತಿಸಿ ಫೋಟೊವನ್ನು ಪೂರ್ತಿ ಹಿಗ್ಗಿಸಿದ. ಬೂಷ್ಟು ಬೂಷ್ಟಾಗಿ, ಶಾಯಿ ಶಾಯಿಯಾಗಿ ಕಂಡವು. ಎಡಗೆನ್ನೆಯ ಮೇಲೆ ಪೆನ್ಸಿಲಿನ ಗೀರುಗಳು ಕೂಡ ಕಂಡಂತಾಗಿ ನಾನು ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ಅಷ್ಟರಲ್ಲಿ ಹುಡುಗ ಜೇಬಿನಿಂದ ಬಟ್ಟೆಯ ಚೂರು ತೆಗೆದು ಬಲಗೆನ್ನೆಯನ್ನು ಒರೆಸಿದ. ಹೋಗಲಿಲ್ಲ. ಬಾಯಿಂದ ಹಬೆ ಊದಿ ಮತ್ತೊಮ್ಮೆ ಒರೆಸಿದ. ಉಗುರಿನಿಂದಲೂ ಮೆಲ್ಲಗೆ ಕೆರೆದು ನೋಡಿ, ಮಾಲೀಕರ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿದ.

“ಪಿಕ್ಸೆಲ್ ಹೋಗಿದೆ ಸರ್. ಇದು ಬೇಡ, ಗೋಡೌನಿಂದ ಬೇರೆ ಪೀಸ್ ತರಿಸ್ತೀನಿ.”