ಏಳೂವರೆ ಅಂದ್ರೆ ಏಳೂವರೆ

ಮೊನ್ನೆ ಭಾನುವಾರ ಬೆಂಗಳೂರಿನ ಜೆ.ಪಿ. ನಗರದ ರಂಗಶಂಕರ ನಾಟಕಮಂದಿರದ ಬಾಗಿಲಲ್ಲಿ ಮತ್ತೆ ಅದೇ ಮಾತು. "ಮೈಸೂರಿಂದ ಬಂದಿದ್ದೀವಿ ಕಣ್ರೀ, ಐದೇ ನಿಮಿಷ ಲೇಟು, ಒಳಗೆ ಬಿಡ್ರೀ." ಗಂಡ, ಹೆಂಡತಿ, ಜೊತೆಗೊಬ್ಬ ಹುಡುಗ. ಮೊಬೈಲ್‌ನಲ್ಲಿ ಟಿಕೆಟ್ ತೆಗೆದು ಬಾಗಿಲ ಹತ್ತಿರ ನಿಂತವರ ಮುಖಕ್ಕೆ ಹಿಡಿದಿದ್ದರು. ಕೆಫೆಯಲ್ಲಿ ಕೂತವರಿಗೆಲ್ಲ ಕೇಳುವಷ್ಟು ಜೋರು ದನಿ. ಏಳೂವರೆ ನಾಟಕ ಶುರುವಾಗಿತ್ತು, ಬಾಗಿಲು ತೆರೆಯಲಿಲ್ಲ. ತೆರೆಯಲೂಬಾರದು.

ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತಿದೆ, ಯಾಕೆಂದರೆ ಹಾಗೆ ಜಗಳಕ್ಕೆ ನಿಲ್ಲುವವರಲ್ಲಿ ನಮ್ಮ ಮೈಸೂರು, ಮಂಡ್ಯದವರೇ ಸಿಗುತ್ತಾರೆ. "ದೂರದಿಂದ ಬಂದಿದ್ದೇವೆ" ಅನ್ನುವುದು ತಡಕ್ಕೆ ಕಾರಣವಾಗಲ್ಲ. ದೂರದಿಂದ ಬರುವವರು ಬೇಗ ಹೊರಡಬೇಕು, ಅಷ್ಟೆ.

2004ರಲ್ಲಿ ಶಂಕರ್ ನಾಗ್ ನೆನಪಿಗೆ ಅರುಂಧತಿ ನಾಗ್ ಕಟ್ಟಿ ನಿಲ್ಲಿಸಿದ ರಂಗಮಂದಿರ ಅದು. ಸೋಮವಾರ ಬಿಟ್ಟು ದಿನಕ್ಕೊಂದು ನಾಟಕ ಅನ್ನುವ ಹಟ, ಜೊತೆಗೆ ಹೇಳಿದ ಹೊತ್ತಿಗೆ ಶುರು ಅನ್ನುವ ಹಟ. ವೇದಿಕೆ ಪ್ರೇಕ್ಷಕರ ಕಡೆಗೆ ಚಾಚಿಕೊಂಡಿದೆ, ಮೂರು ಕಡೆಯಿಂದ ಜನ ಕೂತು ನೋಡುತ್ತಾರೆ. ಸೀಟುಗಳು ಮುನ್ನೂರ ಚಿಲ್ಲರೆ, ಕಡಿದಾದ ಮೆಟ್ಟಿಲುಗಳ ಮೇಲೆ. ದೀಪ ಆರಿಸಿದ ಮೇಲೆ ಒಬ್ಬರು ಮೊಬೈಲ್ ಟಾರ್ಚ್ ಹಾಕಿಕೊಂಡು ಸೀಟು ಹುಡುಕಿದರೆ ಆ ಬೆಳಕು ನೇರ ನಟನ ಕಣ್ಣಿಗೆ ಬೀಳುತ್ತದೆ. ಹತ್ತು ಜನ ಕಾಲು ಮಡಿಸಿ ದಾರಿ ಬಿಡಬೇಕು. ಅಷ್ಟರಲ್ಲಿ ಮೊದಲ ದೃಶ್ಯ ಹಾಳು. ಕಂಪನಿ ನಾಟಕದ ಟೆಂಟಿನಲ್ಲಿ ನಾಂದಿ ಪದ, ಅಂದರೆ ಶುರುವಿನ ಸ್ತುತಿ ಹಾಡು, ಮುಗಿಯುವ ತನಕ ಜನ ಬರುತ್ತಲೇ ಇರುತ್ತಿದ್ದರು ಅಂತ ವಾದ ಮಾಡುವವರಿದ್ದಾರೆ. ಅಲ್ಲಿನ ನಾಟಕ ಆ ಗದ್ದಲವನ್ನು ಲೆಕ್ಕಕ್ಕಿಟ್ಟುಕೊಂಡೇ ಶುರುವಾಗುತ್ತಿತ್ತು. ಇಲ್ಲಿ ಮೊದಲ ಮಾತು ತಪ್ಪಿದರೆ ಕಥೆಯೇ ಕೈತಪ್ಪುತ್ತದೆ. "ಟ್ರಾಫಿಕ್ ನಮ್ಮ ಕೈಲಿದೆಯಾ?" ಅಂತಲೂ ಕೇಳುತ್ತಾರೆ. ಬೆಂಗಳೂರಿನ ಟ್ರಾಫಿಕ್ ನಿನ್ನೆ ಮೊನ್ನೆ ಬಂದದ್ದಲ್ಲವಲ್ಲ!

ತಪ್ಪೆಲ್ಲ ನಮ್ಮ ಲೆಕ್ಕದ್ದು. 2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆ ಆದಾಗಿನಿಂದ ಎಲ್ಲರ ಬಾಯಲ್ಲೂ "ಬೆಂಗಳೂರು ಒಂದೂವರೆ ಗಂಟೆ". ಆ ಲೆಕ್ಕ ಮುಗಿಯುವುದು ಕೆಂಗೇರಿ ಹತ್ತಿರದ ನೈಸ್ ರಸ್ತೆ ಜಂಕ್ಷನ್ನಿನಲ್ಲಿ. ಅಲ್ಲಿಂದ ಜೆ.ಪಿ. ನಗರಕ್ಕೆ ಸಂಜೆ ಹೊತ್ತು ಇನ್ನೂ ಒಂದೂವರೆ ಗಂಟೆ ಬೇಕೇ ಬೇಕು.

ಏಳೂವರೆ ಆಟಕ್ಕೆ ಮೈಸೂರು ಬಸ್ ಸ್ಟ್ಯಾಂಡ್‌ನಲ್ಲಿ ಎರಡೂವರೆಗೆಲ್ಲ ಬಸ್ಸಿನಲ್ಲಿ ಕೂತಿರಿ. ಮಂಡ್ಯದವರು ಮೂರೂಕಾಲು, ಆದರೆ ಬೈಪಾಸ್ ಬಸ್ಸುಗಳು ಊರೊಳಗೆ ಬರುವುದಿಲ್ಲ, ಅದನ್ನು ಮೊದಲೇ ವಿಚಾರಿಸಿಕೊಳ್ಳಿ. ಕೆಂಗೇರಿಯಲ್ಲಿ ನಿಲ್ಲಿಸುತ್ತಾರಾ ಅಂತ ಹತ್ತುವಾಗಲೇ ಕಂಡಕ್ಟರ್ ಹತ್ತಿರ ಕೇಳಿ, ಅಲ್ಲೇ ಇಳಿದುಬಿಡಿ. ಸ್ಯಾಟಲೈಟ್ ಬಸ್ ನಿಲ್ದಾಣದವರೆಗೆ ಹೋಗಿ ಆಟೋ ಹಿಡಿಯುತ್ತೇನೆ ಅಂದರೆ ಸಂಜೆ ಟ್ರಾಫಿಕ್‌ಗೆ ನೀವಾಗಿಯೇ ಸಿಕ್ಕಿಹಾಕಿಕೊಂಡ ಹಾಗೆ. ಕೆಂಗೇರಿ ಬಸ್ ಟರ್ಮಿನಲ್ ನಿಲ್ದಾಣದಲ್ಲಿ ನೇರಳೆ ಮೆಟ್ರೋ ಹತ್ತಿದರೆ ಮೆಜೆಸ್ಟಿಕ್ ಹನ್ನೆರಡನೇ ನಿಲ್ದಾಣ. ಟೋಕನ್ ಕ್ಯೂ ಬೇಡ ಅನ್ನುವವರು ಕ್ಯೂಆರ್ ಟಿಕೆಟನ್ನು ಬಸ್ಸಿನಿಂದ ಇಳಿದ ಕೂಡಲೇ ಮೊಬೈಲ್‌ನಲ್ಲೇ ತೆಗೆದುಕೊಳ್ಳಬಹುದು. ಟಿಕೆಟ್ ನೀವು ಕೊನೆಗೆ ಇಳಿಯುವ ರಾಗಿಗುಡ್ಡ ನಿಲ್ದಾಣಕ್ಕೇ ಇರಲಿ. ಮೆಜೆಸ್ಟಿಕ್‌ನಲ್ಲಿ ಗೇಟು ದಾಟಿ ಹೊರಗೆ ಹೋಗಬೇಡಿ, ಒಳಗೊಳಗೇ ಹಸಿರು ಮಾರ್ಗಕ್ಕೆ ಬದಲಿಸಿ. ಹೊರಗೆ ಬಂದುಬಿಟ್ಟರೆ ಮತ್ತೆ ಟಿಕೆಟ್, ಮತ್ತೆ ಬ್ಯಾಗ್ ತಪಾಸಣೆ. ಬೋರ್ಡಿನಲ್ಲಿ ರೇಷ್ಮೆ ಸಂಸ್ಥೆ ಅಂತ ಇರುವ ರೈಲು ನಿಮ್ಮದು, ಮಾದಾವರದ್ದಲ್ಲ.

ಹೊಸಬರು ಹೆಚ್ಚಾಗಿ ಎಡವುವುದು ಇನ್ನು ಮುಂದೆ. ಹಸಿರು ಮಾರ್ಗದಲ್ಲಿ ಜಯಪ್ರಕಾಶ ನಗರ ಅಂತಲೇ ಒಂದು ನಿಲ್ದಾಣ ಇದೆ. ಹೆಸರು ನೋಡಿ ಇಳಿದರೆ ಕೆಟ್ಟಿರಿ. ಅದಿರುವುದು ಕನಕಪುರ ರಸ್ತೆಯಲ್ಲಿ, ರಂಗಶಂಕರ ಇರುವುದು ಜೆ.ಪಿ. ನಗರ ಎರಡನೇ ಹಂತದಲ್ಲಿ. ನಡುವೆ ಕಿಲೋಮೀಟರ್‌ಗಟ್ಟಲೆ ದೂರ. ಆ ಹೊತ್ತಿಗೆ ಆಟೋದವರು ಬರಲೂ ಒಪ್ಪುವುದಿಲ್ಲ. ಅದಕ್ಕೂ ಎರಡು ನಿಲ್ದಾಣ ಮೊದಲೇ, ಆರ್.ವಿ. ರಸ್ತೆಯಲ್ಲಿ ಇಳಿಯಿರಿ. 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಅಲ್ಲೇ ಸಿಗುತ್ತದೆ, ಒಂದೇ ನಿಲ್ದಾಣ ದಾಟಿದರೆ ರಾಗಿಗುಡ್ಡ. ಅಲ್ಲಿಂದ ನಡೆದೇ ಹೋಗಬಹುದು. ಹಳದಿ ರೈಲುಗಳು ಹಸಿರಿನಷ್ಟು ಪದೇ ಪದೇ ಬರುವುದಿಲ್ಲ. ಬೋರ್ಡಿನಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ತೋರಿಸಿದರೆ ಕೆಳಗಿಳಿದು ಆಟೋ ಹಿಡಿಯಿರಿ.

ಐದು ಗಂಟೆಗೆ ಕೆಂಗೇರಿ ಬಿಟ್ಟರೆ ಆರೂವರೆ, ಆರೂಮುಕ್ಕಾಲಿಗೆ ರಂಗಶಂಕರ. ಮುಖ ತೊಳೆದು, ಕಾಫಿ ಕುಡಿದು, ಫೋನ್ ಆಫ್ ಮಾಡಿ ಒಳಗೆ ಹೋಗುವಷ್ಟು ಸಮಯ ಇರುತ್ತದೆ. ಆ ಮುಕ್ಕಾಲು ಗಂಟೆ ವ್ಯರ್ಥ ಅನ್ನಬೇಡಿ, ದಾರಿಯಲ್ಲಿ ಏನು ಕೈಕೊಟ್ಟರೂ ನಿಮ್ಮನ್ನು ಕಾಯುವುದು ಅದೇ.

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಭಾನುವಾರದ ಮೂರೂವರೆ ಆಟಕ್ಕೇ ಬುಕ್ ಮಾಡಿ. ಎಲ್ಲ ತಂಡಗಳೂ ಎರಡು ಆಟ ಇಟ್ಟಿರುವುದಿಲ್ಲ, ಟಿಕೆಟ್ ಮೇಲಿನ ಸಮಯ ನೋಡಿಕೊಳ್ಳಿ. ಬೆಳಿಗ್ಗೆ ಹತ್ತೂವರೆಗೆ ಹೊರಟರೆ ಧಾರಾಳ, ರಾತ್ರಿ ಊಟದ ಹೊತ್ತಿಗೆ ವಾಪಸ್ ಮನೆಯಲ್ಲಿರುತ್ತೀರಿ.

ಏಳೂವರೆ ಆಟ ನೋಡಿದವರು ವಾಪಸ್ ಬರುವಾಗ ಇನ್ನೊಂದು ಹೆಸರಿಗೆ ಮೋಸ ಹೋಗಬೇಡಿ. ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹತ್ತಿರದ ಮೆಟ್ರೋ ದೀಪಾಂಜಲಿ ನಗರ, ಮೈಸೂರು ರಸ್ತೆ ಅನ್ನುವ ನಿಲ್ದಾಣವಲ್ಲ. ಎರಡು ಗಂಟೆಯ ನಾಟಕವಾದರೆ ಒಂಬತ್ತೂವರೆಗೆ ಮುಗಿಯುತ್ತದೆ, ಮೆಟ್ರೋ ಇನ್ನೂ ಓಡುತ್ತಿರುತ್ತದೆ. ಮೈಸೂರಿಗೆ ರಾತ್ರಿಯಿಡೀ ಬಸ್ಸಿದೆ. ಮಂಡ್ಯದವರು ಮಾತ್ರ ಊರೊಳಗೆ ಹೋಗುವ ಬಸ್ಸೇ ಅಂತ ಇನ್ನೊಮ್ಮೆ ಕೇಳಿಕೊಂಡು ಹತ್ತಿ.